ಬಾಗಿಲಿಗೆ ಇಟ್ಟ ಇಸ್ತ್ರಿಪೆಟ್ಟಿಗೆ

ಮಾರ್ಚ್ 3, ಮಂಗಳವಾರ

ಬೆಳಿಗ್ಗೆ ಎದ್ದ ಮೇಲೆ, ಹಾಸಿಗೆಯಿಂದ ದೂರ ಕೂತು ಬರೆಯಬೇಕಂತೆ. ದೂರ ಕೂತಿದ್ದೇನೆ, ಮುಂದಿನ ಕೋಣೆಯ ಮೇಜಿನ ಹತ್ತಿರ. ದವಾಖಾನೆಯಲ್ಲಿ ಕೊಟ್ಟ ಪುಸ್ತಕದಲ್ಲಿ ಇದಕ್ಕೆಂದೇ ಚೌಕಗಳನ್ನು ಅಚ್ಚು ಹಾಕಿದ್ದಾರೆ. ಎಷ್ಟಕ್ಕೆ ಮಲಗಿದಿರಿ, ಎಷ್ಟಕ್ಕೆ ನಿದ್ದೆ ಬಂತು, ಎಷ್ಟು ಸಲ ಎಚ್ಚರವಾಯಿತು, ಎಷ್ಟಕ್ಕೆ ಎದ್ದಿರಿ. ಒಂದೊಂದು ಚೌಕವೂ ಹೆಬ್ಬೆರಳಿನ ಉಗುರಿನಷ್ಟು. ನನ್ನ ರಾತ್ರಿ ಅದರಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಅಂಕಿ ಅಲ್ಲಿ, ಉಳಿದದ್ದು ಈ ನೋಟ್‌ಬುಕ್ಕಿನಲ್ಲಿ.

ಮಲಗಿದ್ದು 10. ನಿದ್ದೆ ಬಂದದ್ದು ಸುಮಾರು 1:30. ಎಚ್ಚರ 4. ಐದರ ಮೇಲೆ ಸ್ವಲ್ಪ ಜೊಂಪು. ಎದ್ದದ್ದು 6:30.

ನಾನು ಗುಳಿಗೆ ಕೇಳಿದ್ದೆ. ಗುಳಿಗೆ ನುಂಗಿ ಬಟ್ಟೆ ಕತ್ತರಿಸುವ ಕತ್ತಿಯ ಮುಂದೆ ನಿಲ್ಲುವುದು ಬೇಡ ಎಂದರು ಡಾಕ್ಟರು. ನಿದ್ದೆಯ ತಜ್ಞರ ಹತ್ತಿರ ನನ್ನ ಸರದಿ ಬರಲು ಮೂರು ತಿಂಗಳು. "ಅಲ್ಲಿವರೆಗೂ ನಿಮಗೆ ನೀವೇ ಡಾಕ್ಟ್ರು" ಎಂದು ನರ್ಸಮ್ಮ ಈ ಪುಸ್ತಕ ಕೈಗಿತ್ತರು. ತೊಂಬತ್ತು ಪುಟ ಇದೆ. ಐವತ್ತಾರು ವರ್ಷ ಯಾರ ಹತ್ತಿರವೂ ಕಲಿಯದೆ ಮಲಗಿದವನಿಗೆ ಈಗ ಮಲಗುವುದು ಹೇಗೆಂದು ಪಾಠ.

ಇವಳು, ನನ್ನ ಹೆಂಡತಿ, ಮಾತ್ರ ಪಕ್ಕದಲ್ಲಿ ಗೋಡೆಯ ಕಡೆ ತಿರುಗಿ ಮಲಗಿದರೆ ಆಯಿತು. ಬೆಳಗಿನ ತನಕ ಒಂದು ಸಲವೂ ಮಗ್ಗುಲು ಬದಲಿಸುವುದಿಲ್ಲ. ಪುಣ್ಯವಂತೆ.

ಮಾರ್ಚ್ 4, ಬುಧವಾರ

ಪುಸ್ತಕ ಕೇಳುತ್ತದೆ: ನಿದ್ದೆ ಇಲ್ಲದ್ದರಿಂದ ನಿಮಗಾದ ನಷ್ಟವೇನು? ಮೂರು ಸಾಲಿನಲ್ಲಿ ಬರೆಯಿರಿ.

ಮೂರು ಸಾಲು ಸಾಲದು. ನಾನು ಕಟಿಂಗ್ ಮಾಸ್ಟರ್. ಬಟ್ಟೆಯನ್ನು ನೂರಾ ಇಪ್ಪತ್ತು ಪದರ ಹಾಸಿ, ಮೇಲೆ ಅಂಗಿತೋಳಿನ ಕಾಗದದ ಅಚ್ಚನ್ನು ಎರಡು ಸಲ ಇಟ್ಟು ಗೆರೆ ಎಳೆದು, ಕರೆಂಟಿನ ಕತ್ತಿಯಿಂದ ಒಂದೇ ಏಟಿಗೆ ಕತ್ತರಿಸುತ್ತೇನೆ. ಅಚ್ಚನ್ನು ಒಂದು ಸಲ ಇದ್ದ ಹಾಗೇ ಇಡಬೇಕು, ಇನ್ನೊಂದು ಸಲ ಮಗುಚಿ ಇಡಬೇಕು. ಮಗುಚಿದರೆ ಬಲತೋಳು. ಕಳೆದ ಗುರುವಾರ ನಾನು ಮಗುಚಲು ಮರೆತೆ. ಇನ್ನೂರ ನಲವತ್ತು ತೋಳು, ಎಲ್ಲವೂ ಎಡತೋಳು. ಮೂವತ್ತೊಂದು ವರ್ಷದ ಕೆಲಸದಲ್ಲಿ ಕಲಿಯುವವನೂ ಮಾಡದ ತಪ್ಪು.

ನಮ್ಮಲ್ಲಿ ಗುಂಡಿ ಹಾಕುವ ಮಿಷನ್ನಿನ ಮೇಲೆ ಕೂರುವ ಹೆಂಗಸು ಇದ್ದಾಳೆ. ಎಲ್ಲರೂ ಅವಳನ್ನು ಗುಂಡಿಯಮ್ಮ ಎಂದೇ ಕರೆಯುವುದು. ಅವಳು ಒಂದು ತೋಳು ಎತ್ತಿ ಹಿಡಿದು, "ಎಡಗೈ ಮಾತ್ರ ಇರೋ ಜನ ಎಲ್ಲಾದ್ರೂ ಸಿಕ್ಕಿದ್ರೆ ನಮ್ಮ ಯಾಪಾರ ಜೋರು, ಮಾಸ್ಟ್ರೇ" ಎಂದಳು. ಎಲ್ಲರೂ ನಕ್ಕರು. ನಾನು ಬಟ್ಟೆಯ ಥಾನುಗಳ ಹಿಂದೆ ಹೋಗಿ ಸ್ವಲ್ಪ ಹೊತ್ತು ನಿಂತುಕೊಂಡೆ.

ಯಜಮಾನರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಬಟ್ಟೆ ಹೋದ್ರೆ ಮತ್ತೆ ತರ್ಸಬಹುದು ಮಾಸ್ಟ್ರೇ. ನಿಮ್ಮ ಬೆರಳು ಹೋದ್ರೆ ಎಲ್ಲಿಂದ ತರ್ಸ್ಲಿ?" ಎಂದರು. ಏಪ್ರಿಲ್ 20ಕ್ಕೆ ಆಸ್ಪತ್ರೆ ಸಿಬ್ಬಂದಿಯ ಅಂಗಿಗಳ ದೊಡ್ಡ ಕೆಲಸ ಶುರುವಾಗುತ್ತದೆ. ಅಷ್ಟರೊಳಗೆ ನಾನು ನಿದ್ದೆ ಸರಿಮಾಡಿಕೊಂಡು ಬರಬೇಕು, ಇಲ್ಲದಿದ್ದರೆ ಬೇರೆ ಮಾಸ್ಟರನ್ನು ನೋಡುತ್ತಾರೆ. ಅಲ್ಲಿಯವರೆಗೆ ನನಗೆ ಕತ್ತರಿಸಿದ ಕಟ್ಟುಗಳಿಗೆ ನಂಬರಿನ ಚೀಟಿ ಕಟ್ಟುವ ಕೆಲಸ.

ಮಾರ್ಚ್ 7, ಶನಿವಾರ

ಹಾಸಿಗೆ ನಿದ್ದೆಗೆ ಮಾತ್ರವಂತೆ. ನಿದ್ದೆ ಬಾರದಿದ್ದರೆ ಬಿದ್ದುಕೊಂಡು ಹೊರಳಾಡಬಾರದು. ಎದ್ದು ಬೇರೆ ಕೋಣೆಗೆ ಹೋಗಿ ಕೂರಬೇಕು, ಕಣ್ಣು ಎಳೆದಾಗ ವಾಪಸು ಬರಬೇಕು. ನಿನ್ನೆ ನಾಲ್ಕು ಸಲ ಹೋದೆ, ನಾಲ್ಕು ಸಲ ಬಂದೆ. ಪರೇಡು.

ಬೇರೆ ಕೋಣೆ ಅಂದರೆ ಮುಂದಿನ ಕೋಣೆ. ಇನ್ನೊಂದು ಸಣ್ಣ ಕೋಣೆ ಇದೆ, ಅದು ಅಕ್ಕನದು.

ಮಾರ್ಚ್ 10, ಮಂಗಳವಾರ

ಒಂದು ವಾರದ ಲೆಕ್ಕ ಆಯಿತು. ಹಾಸಿಗೆಯಲ್ಲಿ ದಿನಕ್ಕೆ ಎಂಟೂವರೆ ಗಂಟೆ, ನಿದ್ದೆ ನಾಲ್ಕು ಗಂಟೆ. ನೂರಕ್ಕೆ ನಲವತ್ತೇಳು. ಪುಸ್ತಕದ ಪ್ರಕಾರ ಎಂಬತ್ತೈದು ಬರಬೇಕು. ಶಾಲೆಯಲ್ಲೂ ನನಗೆ ಎಂಬತ್ತೈದು ಬಂದದ್ದಿಲ್ಲ.

ಈಗ ಹಾಸಿಗೆಯ ಹೊತ್ತನ್ನೇ ಕತ್ತರಿಸಬೇಕಂತೆ. ದಿನಕ್ಕೆ ಐದೇ ಗಂಟೆ. ರಾತ್ರಿ 12:30ಕ್ಕೆ ಮಲಗು, 5:30ಕ್ಕೆ ಏಳು. ಸಾಲಲಿಲ್ಲ ಅಂತ ಹಗಲು ತೂಕಡಿಸುವಂತಿಲ್ಲ. ಉಪವಾಸ ಕೆಡವಿ ಹಸಿವು ಬರಿಸುವ ಉಪಾಯ.

ಕೋಣೆಯ ವಿಷಯಕ್ಕೂ ಒಂದು ಪುಟ ಇದೆ. ಕತ್ತಲಿರಲಿ ಎಂದಿದೆ, ಕಿಟಕಿಗೆ ದಪ್ಪ ಬಟ್ಟೆ ಹೊಲಿದು ಹಾಕಿದೆ. ಗಡಿಯಾರ ಕಾಣದಿರಲಿ ಎಂದಿದೆ, ಗೋಡೆಗೆ ಮುಖ ಮಾಡಿಸಿದೆ. ಬಾಗಿಲು ಮುಚ್ಚಿರಲಿ ಎಂದಿದೆ. ಅದೊಂದನ್ನು ಬಿಟ್ಟೆ. ನಮ್ಮ ಮಲಗುವ ಕೋಣೆಯ ಬಾಗಿಲಿಗೆ ರಾತ್ರಿ ಹಳೆಯ ಕಬ್ಬಿಣದ ಇಸ್ತ್ರಿಪೆಟ್ಟಿಗೆ ಒತ್ತಿಟ್ಟು ಮಲಗುತ್ತೇನೆ, ಗಾಳಿಗೂ ಮುಚ್ಚಬಾರದೆಂದು. ಅದರಿಂದ ಬೀದಿದೀಪದ ಬೆಳಕು ಬರುತ್ತದೆ, ಮೇಲಿನ ಮನೆಯವರ ನೀರಿನ ಪಂಪಿನ ಸದ್ದು ಬರುತ್ತದೆ. ಬರಲಿ.

ಮಾರ್ಚ್ 18, ಬುಧವಾರ

ಕೈಕೊಟ್ಟಿತು. ಎಂಟು ದಿನ ಮಾಡಿದರೂ ನಿದ್ದೆ ನಾಲ್ಕು ಗಂಟೆಯಿಂದ ಅಲುಗಿಲ್ಲ. ಇಂದು ಹತ್ತೊಂಬತ್ತನೇ ನಂಬರಿನ ಚೀಟಿಯನ್ನು ಎರಡು ಕಟ್ಟುಗಳಿಗೆ ಕಟ್ಟಿದ್ದೆ. ಯಾರಿಗೂ ಕಾಣದಂತೆ ಬಿಚ್ಚಿದೆ.

ಮಾರ್ಚ್ 24, ಮಂಗಳವಾರ

ಸಿಕ್ಕಿಬಿದ್ದೆ. ಚಹಾದ ಹೊತ್ತಿಗೆ ಗುಂಡಿಯಮ್ಮ ನನ್ನ ಪುಸ್ತಕ ಕಿತ್ತುಕೊಂಡು ತಿರುವಿ ನೋಡಿದಳು.

"ಇಲ್ಲಿ ಹನ್ನೆರಡೂವರೆ ಅಂತ ಇದೆ. ನೀವು ಹನ್ನೆರಡಕ್ಕೆ ಮಲಗಿದೀರಿ. ಐದೂವರೆ ಅಂತ ಇದೆ. ನೀವು ಆರಕ್ಕೆ ಎದ್ದಿದೀರಿ. ದಿನಾ ಹೀಗೇ ಇದೆಯಲ್ಲ?"

"ಎರಡು ಕಡೆ ಅರ್ಧರ್ಧ ಗಂಟೆ ಬಿಟ್ಟುಕೊಂಡಿದೀನಿ. ಹೊಲಿಗೆಗೆ."

ಹೇಳಿದ ಮೇಲೆ ನನಗೇ ಅರ್ಥವಾಯಿತು. ಬಟ್ಟೆ ಕತ್ತರಿಸುವಾಗ ಯಾರೂ ಅಳತೆಗೆ ಸರಿಯಾಗಿ ಕತ್ತರಿಸುವುದಿಲ್ಲ. ಹೊಲಿಗೆಯಲ್ಲಿ ಒಳಗೆ ಹೋಗಲೆಂದು ಸುತ್ತಲೂ ಅಷ್ಟು ಬಿಡುತ್ತೇವೆ. ಕೈ ತಾನಾಗಿಯೇ ಬಿಡುತ್ತದೆ. ಐದು ಗಂಟೆ ಎಂದು ಓದಿದವನು ಆರು ಗಂಟೆ ಕತ್ತರಿಸಿಕೊಂಡಿದ್ದೆ, ಎರಡು ವಾರ.

"ನಿಮ್ಮನ್ನ ಮಲಗೋಕೆ ಹೇಳಿದಾರೆ ಮಾಸ್ಟ್ರೇ, ಅಂಗಿ ಹೊಲಿಯೋಕಲ್ಲ" ಎಂದು ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಸಂಜೆ ಮನೆಯಲ್ಲಿ ಹೇಳಿದರೆ ಇವಳೂ ನಗಬಹುದೆಂದುಕೊಂಡಿದ್ದೆ. ನಗಲಿಲ್ಲ. "ಎರಡು ವಾರ ದಂಡವಾಯ್ತಲ್ಲ" ಎಂದಳು, ದಂಡ ಕಟ್ಟಿದವಳು ತಾನೇ ಎಂಬಂತೆ.

ಮಾರ್ಚ್ 27, ಶುಕ್ರವಾರ

12:30. 5:30. ತಲೆ ಚಿಟ್ಟು ಹಿಡಿದಿದೆ. ಬರೆಯಲಾರೆ.

ಮಾರ್ಚ್ 31, ಮಂಗಳವಾರ

ಹನ್ನೆರಡೂವರೆಯ ತನಕ ಎಚ್ಚರವಿರುವುದು ಇಷ್ಟು ಕಷ್ಟವೆಂದು ತಿಳಿದಿರಲಿಲ್ಲ. ನಿದ್ದೆ ಬೇಡವೆಂದಾಗ ಬರುತ್ತದೆ, ಹಾಸಿಗೆಗೆ ಹೋದರೆ ಬಾಗಿಲಲ್ಲೇ ನಿಲ್ಲುತ್ತದೆ. ತಲೆದಿಂಬಿಗೆ ತಲೆ ಇಟ್ಟ ಕೂಡಲೇ ಕಿವಿ ನೆಟ್ಟಗಾಗುತ್ತದೆ. ಯಾವುದಕ್ಕೆಂದು ಗೊತ್ತಿಲ್ಲ.

ರಾತ್ರಿ ಎಷ್ಟು ಹೊತ್ತು ಎದ್ದು ಕೂತಿದ್ದೆನೆಂದು ಬೆಳಿಗ್ಗೆ ಚೌಕ ತುಂಬುವಾಗ ನೆನಪಾಗಲಿಲ್ಲ. ಗಡಿಯಾರ ಬೇರೆ ಗೋಡೆ ನೋಡುತ್ತಿದೆ. ಇವಳು ಅಡಿಗೆಮನೆಯಿಂದಲೇ, "ಎರಡೂಕಾಲಿಗೆ ಎದ್ರಿ, ಮೂರಕ್ಕೆ ಬಂದ್ರಿ" ಎಂದಳು. ಹಾಗೇ ಬರೆದುಕೊಂಡೆ. ಹೆಂಗಸರಿಗೆ ಇದೆಲ್ಲ ಹೇಗೋ ಗೊತ್ತಾಗುತ್ತದೆ.

ಏಪ್ರಿಲ್ 4, ಶನಿವಾರ

ಕೆಲಸಕ್ಕೆ ರಜೆ. ಪುಸ್ತಕದಲ್ಲಿ ಐವತ್ತೆಂಟನೆಯ ಪುಟ. ಹಾಸಿಗೆಯಲ್ಲಿ ಬರುವ ಯೋಚನೆಯನ್ನು ಎಡಗಡೆ ಬರೆಯಬೇಕು. ನಡುವಿನ ಕಾಲಂನಲ್ಲಿ ಅದು ನಿಜ ಎನ್ನಲು ಆಧಾರ. ಕೊನೆಯ ಕಾಲಂನಲ್ಲಿ ಅದು ನಿಜವಲ್ಲ ಎನ್ನಲು ಆಧಾರ. ಹತ್ತು ದಿನದಿಂದ ಈ ಪುಟ ಹಾರಿಸುತ್ತಿದ್ದೆ. ಮೊದಲು ನೀರಿನ ಪಂಪು ಎಂದು ಬರೆದೆ. ಪಂಪು ಯೋಚನೆಯಲ್ಲ. ಹೊಡೆದು ಹಾಕಿದೆ. ಕೆಲಸ ಹೋಗುತ್ತದೆ ಎಂದು ಬರೆದೆ. ಅದೂ ಅಲ್ಲ, ನಿದ್ದೆ ಕೆಟ್ಟದ್ದು ಕೆಲಸಕ್ಕೆ ಕುತ್ತು ಬರುವ ಮೊದಲೇ.

ಆಮೇಲೆ ಬರೆದೆ: ನಾನು ಬಾಗಿಲು ಮುಚ್ಚಿ ಮಲಗಿದೆ.

ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಕತ್ತರಿ ಹಿಡಿಯಲು ಕಲಿಸಿದವಳೂ ಅವಳೇ. ಎರಡೂವರೆ ವರ್ಷದ ಹಿಂದೆ ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಯಿತು, ಮಾತೂ ಹೋಯಿತು. ಎಡಗೈಯಲ್ಲಿ ಚಮಚ ಹಿಡಿದು ತಲೆಯ ಹತ್ತಿರದ ಸ್ಟೀಲ್ ಲೋಟಕ್ಕೆ ಬಡಿಯುತ್ತಿದ್ದಳು. ಟಣ್ ಎಂದರೆ ನಾನು ಎದ್ದು ಹೋಗಬೇಕು. ನೀರು, ಬಕೆಟ್ಟು, ಮಗ್ಗುಲು ತಿರುಗಿಸುವುದು. ರಾತ್ರಿಗೆ ಮೂರು ಸಲ, ನಾಲ್ಕು ಸಲ. ಎರಡು ವರ್ಷದಲ್ಲಿ ಒಮ್ಮೆಯೂ ಎರಡನೇ ಟಣ್ ಆಗಲು ಬಿಟ್ಟವನಲ್ಲ ನಾನು. ಇದನ್ನು ಹೆಮ್ಮೆಯಿಂದ ಎಲ್ಲರಿಗೂ ಹೇಳಿಕೊಳ್ಳುತ್ತಿದ್ದೆ.

ನವೆಂಬರ್ ಹದಿನೇಳರ ರಾತ್ರಿ ನಾನು ಸತ್ತವನಂತೆ ನಿದ್ದೆ ಮಾಡಿದೆ. ಎಚ್ಚರವಾದಾಗ ಬೆಳಕು ಹರಿದಿತ್ತು, ನಮ್ಮ ಕೋಣೆಯ ಬಾಗಿಲು ಮುಚ್ಚಿತ್ತು. ಅಕ್ಕ ಮಂಚದಿಂದ ಕೆಳಗೆ ಬಿದ್ದಿದ್ದಳು. ಲೋಟ ಮಂಚದ ಅಡಿಗೆ ಉರುಳಿತ್ತು, ಚಮಚ ಇನ್ನೂ ಕೈಯಲ್ಲಿತ್ತು, ಜೀವ ಹೋಗಿತ್ತು. ಲಕ್ವ ಎರಡನೇ ಸಲ ಹೊಡೆದಿದೆ, ಪಕ್ಕದಲ್ಲಿ ನೀವಿದ್ದರೂ ಏನೂ ಮಾಡುವಂತಿರಲಿಲ್ಲ ಎಂದರು ಡಾಕ್ಟರು. ಬಡಿದಳೋ ಇಲ್ಲವೋ, ಎಷ್ಟು ಸಲ ಬಡಿದಳೋ, ಅದನ್ನು ಯಾವ ಡಾಕ್ಟರೂ ಹೇಳಲಾರರು.

ಬಾಗಿಲು ಮುಚ್ಚಿದ ನೆನಪು ನನಗಿಲ್ಲ. ಆದರೆ ಆ ದಿನ ಸಾಕಪ್ಪಾ ಸಾಕು ಎಂದು ಮನಸ್ಸಿನಲ್ಲಿ ಅಂದುಕೊಂಡದ್ದು ನೆನಪಿದೆ. ಹಾಗೆಂದುಕೊಂಡವನು ಬಾಗಿಲನ್ನೂ ಮುಚ್ಚಿರುತ್ತಾನೆ.

ನಿಜ ಎನ್ನಲು ಆಧಾರ: ಬೆಳಿಗ್ಗೆ ಬಾಗಿಲು ಮುಚ್ಚಿತ್ತು.
ನಿಜವಲ್ಲ ಎನ್ನಲು ಆಧಾರ:

ಕೊನೆಯ ಕಾಲಂ ಖಾಲಿ ಬಿಟ್ಟು ಪುಸ್ತಕವನ್ನು ಮೇಜಿನ ಮೇಲೆ ಹಾಗೇ ಬಿಟ್ಟೆ. ಅತ್ತೆ. ಅತ್ತಮೇಲೆ ಹಗುರವಾಗುತ್ತದೆ ಎನ್ನುತ್ತಾರೆ. ನನಗೆ ಆಗಲಿಲ್ಲ.

ಏಪ್ರಿಲ್ 5, ಭಾನುವಾರ

ಕೊನೆಯ ಕಾಲಂನಲ್ಲಿ ಪೆನ್ಸಿಲಿನಿಂದ, ಇವಳ ಅಕ್ಷರದಲ್ಲಿ:

ಬಾಗಿಲು ಮುಚ್ಚಿದ್ದು ನಾನು. ನೀವು ಆಗಲೇ ನಿದ್ದೆ ಹೋಗಿದ್ರಿ.

ಏಪ್ರಿಲ್ 6, ಸೋಮವಾರ

ಮಾತಾಡಿಲ್ಲ. ಅವಳೂ ಆಡಿಲ್ಲ.

ಏಪ್ರಿಲ್ 7, ಮಂಗಳವಾರ

ಐದು ತಿಂಗಳು. ನಾನು ಪ್ರತಿ ರಾತ್ರಿ ಇಸ್ತ್ರಿಪೆಟ್ಟಿಗೆ ಹೊತ್ತು ತಂದು ಬಾಗಿಲಿಗೆ ಇಡುತ್ತಿದ್ದಾಗ ಇವಳು ಅದೇ ಕೋಣೆಯಲ್ಲಿ ಹಾಸಿಗೆ ಕೊಡವುತ್ತಿದ್ದಳು. ಬಾಯಿಗೆ ಬೀಗ ಹಾಕಿಕೊಂಡು ನೋಡಿದಳು. ಕಟ್ಟಿಕೊಂಡವನು ಕೊಲೆ ಮಾಡಿದವನ ಹಾಗೆ ಕೂತಿರುವುದನ್ನು ನೋಡಿದಳು. ಊಟ ಬಡಿಸಿದಳು. ಇಂದು ತಟ್ಟೆ ಸರಿಸಿ ಎದ್ದೆ. ಅವಳ ಮುಖ ನೋಡಲು ನನಗೆ ಮನಸ್ಸಿಲ್ಲ.

ನಿದ್ದೆ: ನಾಲ್ಕೂಮುಕ್ಕಾಲು ಗಂಟೆ. ಬರೆದ ಮೇಲೆ ಗಮನಿಸಿದೆ. ಕೋಪದಲ್ಲಿ ನಿದ್ದೆ ಬರುತ್ತದೆಂದು ಪುಸ್ತಕದಲ್ಲಿ ಎಲ್ಲೂ ಇಲ್ಲ.

ಏಪ್ರಿಲ್ 9, ಗುರುವಾರ

ಸಂಜೆ ಇವಳು ನನ್ನ ಕೆಲಸದ ಚೀಲದಿಂದ ಕೈಗವಸು ತೆಗೆದು ಮೇಜಿನ ಮೇಲಿಟ್ಟಳು. ಕತ್ತಿಯ ಮುಂದೆ ನಿಲ್ಲುವಾಗ ಎಡಗೈಗೆ ಹಾಕುವುದು, ಉಕ್ಕಿನ ಸಣ್ಣ ಸಣ್ಣ ಬಳೆಗಳನ್ನು ಹೆಣೆದು ಮಾಡಿದ್ದು. ಹೆಬ್ಬೆರಳಿನ ಬುಡದಲ್ಲಿ ಮೂರು ಬಳೆ ತುಂಡಾಗಿವೆ. ನವೆಂಬರ್ ಹದಿನೇಳರ ಮಧ್ಯಾಹ್ನ ನಿಂತಲ್ಲೇ ತೂಕಡಿಸಿದ್ದೆ. ಕತ್ತಿ ಬಳೆಗೆ ತಾಗಿ ಕಿಡಿ ಹಾರಿದಾಗ ಎಚ್ಚರವಾಗಿತ್ತು. ಯಾರಿಗೂ ಹೇಳಿರಲಿಲ್ಲ.

"ಇದನ್ನ ಅವತ್ತೇ ನೋಡಿದೆ" ಎಂದಳು. "ನೀವು ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಮಾರನೇ ದಿನ ದೊಡ್ಡ ಕಟಿಂಗ್ ಇದೆ ಅಂದಿದ್ರಿ. ಒಂದೇ ಒಂದು ರಾತ್ರಿ ನಿದ್ದೆ ಮಾಡ್ಲಿ ಅಂತ ಮುಚ್ಚಿದೆ. ಅತ್ತಿಗೆ ಲೋಟ ಬಡಿದ್ರೆ ನಾನೇ ಹೋಗೋಣ ಅಂತ ಎದ್ದು ಕೂತಿದ್ದೆ. ಒಂದೂವರೆ ತನಕ ಕೂತಿದ್ದೆ. ಆಮೇಲೆ ಯಾವಾಗ ಕಣ್ಣು ಮುಚ್ಚಿತೋ ನಂಗೆ ಗೊತ್ತಾಗ್ಲಿಲ್ಲ."

"ಐದು ತಿಂಗಳು ಯಾಕೆ ಬಾಯಿ ಬಿಡ್ಲಿಲ್ಲ?"

"ದಿನಾ ಹೇಳೋಣ ಅಂತಲೇ ಇದ್ದೆ. ನೀವು ಆ ಪೆಟ್ಟಿಗೆ ತಂದು ಇಡೋರು. ಬಾಗಿಲು ಮುಚ್ಚಿದವಳು ನಾನು ಅಂತ ಹೇಳಿದ್ರೆ, ಪೆಟ್ಟಿಗೆ ಜೊತೆ ನನ್ನನ್ನೂ ಆಚೆ ಇಡ್ತೀರೇನೋ ಅಂತ."

"ಚಹಾ ಇದೆಯಾ?" ಎಂದೆ. ತಂದುಕೊಟ್ಟಳು. ಇಬ್ಬರೂ ಕೈಗವಸು ನೋಡುತ್ತ ಕುಡಿದೆವು. ನನ್ನ ಕೋಪ ಪೂರ್ತಿ ಹೋಗಿಲ್ಲ. ಹೋಗಿದೆ ಎಂದು ಬರೆದರೆ ಸುಳ್ಳಾಗುತ್ತದೆ.

ಏಪ್ರಿಲ್ 13, ಸೋಮವಾರ

ವಾರದ ಲೆಕ್ಕ: ಐದು ಗಂಟೆಯಲ್ಲಿ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ನೂರಕ್ಕೆ ಎಂಬತ್ತಾರು. ಇನ್ನು ಕಾಲು ಗಂಟೆ ಸೇರಿಸಿಕೊಳ್ಳಬಹುದಂತೆ, ಹೊಲಿಗೆಗಲ್ಲ.

ಏಪ್ರಿಲ್ 17, ಶುಕ್ರವಾರ

ಯಜಮಾನರು ಚೌಕಗಳನ್ನು ನೋಡಲಿಲ್ಲ, ನನ್ನ ಕಣ್ಣು ನೋಡಿದರು. ಇಪ್ಪತ್ತು ಪದರ ಹಾಸಿಸಿ ಕತ್ತರಿಸಲು ಹೇಳಿದರು. ಹೊಸ ಕೈಗವಸು ಕೊಟ್ಟರು. ಅಚ್ಚನ್ನು ಇಟ್ಟೆ, ಗೆರೆ ಎಳೆದೆ, ಮಗುಚಿದೆ, ಗೆರೆ ಎಳೆದೆ. ಗುಂಡಿಯಮ್ಮ ಒಂದು ಎಡ ಒಂದು ಬಲ ಎತ್ತಿ ತನ್ನ ಎರಡೂ ಕೈಗೆ ಹಿಡಿದು, "ಈಗ ಜನ ಸಿಗ್ತಾರೆ" ಎಂದಳು. ಸೋಮವಾರದಿಂದ ಕತ್ತಿಯ ಮುಂದೆ.

ಮನೆಗೆ ಬಂದು ಹೇಳಿದೆ. ಇವಳು "ಸದ್ಯ" ಎಂದು ಕೂತುಬಿಟ್ಟಳು. ಕೈಯಲ್ಲಿದ್ದ ಸೌಟು ಹಾಗೇ ಇತ್ತು. ಇತ್ತೀಚೆಗೆ ಬಹಳ ಇಳಿದುಹೋಗಿದ್ದಾಳೆ.

ಏಪ್ರಿಲ್ 22, ಬುಧವಾರ

ರಾತ್ರಿ ನೀರು ಕುಡಿಯಲು ಎದ್ದೆ. ಹಾಸಿಗೆಯಲ್ಲಿ ಇವಳಿಲ್ಲ. ಮುಂದಿನ ಕೋಣೆಯಲ್ಲಿ, ನಾನು ಒಂದೂವರೆ ತಿಂಗಳು ಕೂರುತ್ತಿದ್ದ ಕುರ್ಚಿಯಲ್ಲಿ, ಕತ್ತಲಲ್ಲಿ ಕೂತಿದ್ದಳು.

"ನಿದ್ದೆ ಬರದಿದ್ರೆ ಎದ್ದು ಬೇರೆ ಕೋಣೇಲಿ ಕೂರ್ಬೇಕು ಅಂತ ನಿಮ್ಮ ಪುಸ್ತಕದಲ್ಲೇ ಇದೆಯಲ್ಲ" ಎಂದಳು. "ಇಷ್ಟು ದಿನ ಕುರ್ಚಿ ಖಾಲಿ ಇರ್ತಿರ್ಲಿಲ್ಲ."

"ಎಷ್ಟು ದಿನದಿಂದ?"

"ನೀವು ಎಷ್ಟು ದಿನದಿಂದಲೋ ಅಷ್ಟು ದಿನದಿಂದ."

ಬೆಳಿಗ್ಗೆ ಈ ನೋಟ್‌ಬುಕ್ಕನ್ನು ಮೊದಲಿನಿಂದ ತಿರುವಿದೆ. ಮಾರ್ಚ್ ಮೂರು ಓದಿದೆ. ಮಾರ್ಚ್ ಮೂವತ್ತೊಂದು ಓದಿದೆ. ಮುಂದೆ ಓದಲು ಆಗಲಿಲ್ಲ.

ಏಪ್ರಿಲ್ 24, ಶುಕ್ರವಾರ

ಪುಸ್ತಕದ ಕೊನೆಯಲ್ಲಿ ಉಳಿದಿದ್ದ ಖಾಲಿ ಚೌಕಗಳ ಹಾಳೆ ಹರಿದು ಇವಳ ಮುಂದೆ ಇಟ್ಟೆ.

"ನಂಗ್ಯಾಕೆ? ನಾನೇನು ಕತ್ತಿ ಹಿಡೀಬೇಕಾ?"

"ಬರಿ."

"ದಿನಾ ಇದನ್ನೆಲ್ಲ ಬರೆಯೋಕೆ ನಂಗೆ ಆಗಲ್ಲ. ನೀವೇ ಬರ್ಕೊಳ್ಳಿ."

ಏಪ್ರಿಲ್ 27, ಸೋಮವಾರ

ಇವಳ ಹಾಳೆ, ಮೂರನೇ ದಿನ.

ಮಲಗಿದ್ದು 12:30. ಎರಡು ಸಲ ಎದ್ದು ಕುರ್ಚಿಗೆ ಹೋದಳು. ಎರಡನೇ ಸಲ ಹೋದಾಗ ನಾನು ಎದ್ದು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಅಕ್ಕನ ಕೋಣೆಯಲ್ಲಿ ಮಂಚದ ಅಡಿಗೆ ಇಟ್ಟು ಬಂದೆ. ಐದು ತಿಂಗಳಲ್ಲಿ ಆ ಕೋಣೆಗೆ ಮೊದಲ ಸಲ ಕಾಲಿಟ್ಟದ್ದು. ಇವಳು ವಾಪಸು ಬಂದು ಮಲಗಿದ ಮೇಲೆ ನಾನೇ ಹೋಗಿ ಬಾಗಿಲು ಮುಚ್ಚಿದೆ. ಚಿಲಕದ ಸದ್ದಿಗೆ ಇವಳ ಬೆನ್ನು ಬಿಗಿಯಾದದ್ದು ಕತ್ತಲಲ್ಲೂ ಗೊತ್ತಾಯಿತು.

"ಮಲಕ್ಕೋ. ಯಾರಾದ್ರೂ ಕರೆದ್ರೆ ನಾನು ಹೋಗ್ತೀನಿ" ಎಂದೆ.

ಕರೆಯುವವರು ಯಾರೂ ಇಲ್ಲವೆಂದು ಇಬ್ಬರಿಗೂ ಗೊತ್ತು. ಬಹಳ ಹೊತ್ತಿನ ಮೇಲೆ ಇವಳ ಉಸಿರು ಬದಲಾಯಿತು, ಬಾಯಿ ಸ್ವಲ್ಪ ತೆರೆಯಿತು, ಸಣ್ಣಗೆ ಗೊರಕೆ. ಮೂವತ್ತು ವರ್ಷದ ಗೊರಕೆ. ಅದು ನಿಂತು ಐದು ತಿಂಗಳಾಗಿತ್ತೆಂದು ನನಗೆ ಹೊಳೆದೇ ಇರಲಿಲ್ಲ.

ನಿದ್ದೆ ಬಂದದ್ದು ಸುಮಾರು 3. ಎಚ್ಚರ ಇಲ್ಲ. ಎದ್ದದ್ದು 5:30.

ನನ್ನ ಚೌಕ ಇಂದು ಖಾಲಿ. ನಿದ್ದೆ ಬಾರದಿದ್ದರೆ ಎದ್ದು ಹೋಗಬೇಕೆಂಬ ನಿಯಮ ಮುರಿದೆ. ಎದ್ದರೆ ಮಂಚ ಕಿರುಗುಟ್ಟುತ್ತದೆ. ಇವಳ ಕಡೆ ಬೆನ್ನು ಮಾಡಿ, ಬೆಳಗಿನ ತನಕ ಒಂದು ಸಲವೂ ಮಗ್ಗುಲು ಬದಲಿಸದೆ ಮಲಗಿದ್ದೆ.